ಸಂಘದ ಕ್ಲೌಡ್ ಖಾತೆಗೆ ಹೊರಗಿನ ಆ್ಯಪ್ ಜೋಡಿಸುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಹಕಾರ ಸಂಘಗಳಲ್ಲಿ ಮತ್ತು ರೈತ ಉತ್ಪಾದಕ ಕಂಪನಿಗಳಲ್ಲಿ ಕಾಗದದ ಕಡತಗಳ ಜೊತೆಗೆ ಈಗ ಕ್ಲೌಡ್ ಖಾತೆಯೂ ಸೇರಿಕೊಳ್ಳುತ್ತಿದೆ. ಸದಸ್ಯರ ಪಹಣಿಯ ಪ್ರತಿ, ಅಡಿಕೆ ತೂಕದ ಚೀಟಿ, ಸಾಲದ ಅರ್ಜಿ, ಆಡಳಿತ ಮಂಡಳಿಯ ನಡಾವಳಿ ಮುಂತಾದವನ್ನೆಲ್ಲ ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಅಥವಾ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ ಇಟ್ಟ ಮೇಲೆ ಮುಂದಿನ ಬೇಡಿಕೆ ತಾನಾಗಿ ಹುಟ್ಟುತ್ತದೆ: ಫೋನಿನಲ್ಲಿ ಚೀಟಿ ಸ್ಕ್ಯಾನ್ ಮಾಡುವ ಆ್ಯಪ್ ಆ ಖಾತೆಗೇ ನೇರವಾಗಿ ಕಡತ ಕಳಿಸಬೇಕು, ಲೆಕ್ಕದ ತಂತ್ರಾಂಶ ತನ್ನ ಬ್ಯಾಕಪ್ಪನ್ನು ಅಲ್ಲಿಯೇ ಇಡಬೇಕು, ಸಹಿ ಮಾಡಿಸುವ ಆ್ಯಪ್ ಕರಾರುಪತ್ರವನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕನೆಕ್ಟ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿದಂತೆ ಕಾಣುತ್ತದೆ.

ತೊಂದರೆ ಬರುವುದು ಆಗಲ್ಲ, ಆಮೇಲೆ. ಗುಂಡಿ ಒತ್ತಿದ ಗುಮಾಸ್ತರು ಕೆಲಸ ಬಿಟ್ಟಾಗ ಅವರ ಖಾತೆಯೊಂದಿಗೆ ಜೋಡಣೆಯೂ ನಿಂತುಹೋಗುತ್ತದೆ, ಮತ್ತು ಅದು ನಿಂತದ್ದು ಚೀಟಿ ಹುಡುಕುವ ದಿನದವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲವೇ ನಿಲ್ಲಬೇಕಾದ ಜೋಡಣೆ ನಿಲ್ಲದೆ, ಯಾರೂ ಬಳಸದ ಯಾವುದೋ ಆ್ಯಪ್‌ಗೆ ಸಂಘದ ಎಲ್ಲ ಕಡತಗಳ ಪ್ರವೇಶ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಗುಂಡಿ ಒತ್ತುವ ಕೆಲಸಕ್ಕಿಂತ ಅದರ ಹಿಂದಿನ ಸಿದ್ಧತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಯಾರ ಖಾತೆಯಿಂದ ಜೋಡಿಸಬೇಕು, ಯಾವ ಫೋಲ್ಡರಿಗೆ ಜೋಡಿಸಬೇಕು, ಎಷ್ಟು ಅನುಮತಿ ಕೊಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಯಾವ ಸಂಸ್ಥೆಯೂ ಹೊರಗಿನ ಆ್ಯಪ್ ಜೋಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲನೆಯ ಪ್ರಶ್ನೆ ಸರಿಹೋದರೆ ಉಳಿದೆರಡು ಬಹುಮಟ್ಟಿಗೆ ಸರಿಹೋಗುತ್ತವೆ.

ವಿವರಣೆಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಪೇಟೆಯಲ್ಲಿ ಕಚೇರಿ, ಆಗುಂಬೆ ಮತ್ತು ಕೋಣಂದೂರಿನ ಕಡೆ ಒಂದೊಂದು ಸಂಗ್ರಹ ಕೇಂದ್ರ ಇರುವ ಅಡಿಕೆ ಬೆಳೆಗಾರರ ಸಣ್ಣ ಸಂಘ. ಸುಗ್ಗಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ತೂಗಿದ ಮಾಲಿಗೆ ಕೇಂದ್ರದವರು ಕೈಬರಹದ ಚೀಟಿ ಕೊಡುತ್ತಾರೆ. ಅದರ ಪ್ರತಿಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅದು ಸಂಘದ ಗೂಗಲ್ ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆಂದು ಗೂಗಲ್ ಕೊಡುವ ಸೇವೆ) ಖಾತೆಯ ಶೇರ್ಡ್ ಡ್ರೈವ್‌ಗೆ, ಅಂದರೆ ತಂಡದವರು ಹಂಚಿಕೊಳ್ಳುವ ಸಂಗ್ರಹಕ್ಕೆ, ಬಂದು ಬೀಳಬೇಕು. ಮುಖ್ಯ ವಿವರಣೆ ಗೂಗಲ್ಲನ್ನು ಹಿಡಿದು ಸಾಗುತ್ತದೆ; ಡ್ರಾಪ್‌ಬಾಕ್ಸ್ ಮತ್ತು ಮೈಕ್ರೋಸಾಫ್ಟ್‌ನಲ್ಲಿ ಎಲ್ಲೆಲ್ಲಿ ದಾರಿ ಬೇರೆಯಾಗುತ್ತದೆ ಎಂಬುದನ್ನು ಮುಂದೆ ಹೇಳಿದ್ದೇನೆ.

ಜೋಡಿಸಿದಾಗ ಒಳಗೆ ನಡೆಯುವುದೇನು

ಈ ಮೂರೂ ಸೇವೆಗಳು ಬಳಸುವುದು ಓಆತ್ 2.0 ಎಂಬ ಕ್ರಮವನ್ನು; ಅದರ ಮಾನದಂಡ 2012ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಇದರಲ್ಲಿ ಹೊರಗಿನ ಆ್ಯಪ್‌ಗೆ ನಿಮ್ಮ ಪಾಸ್‌ವರ್ಡ್ ಎಂದೂ ತಿಳಿಯುವುದಿಲ್ಲ. ಆ್ಯಪ್ ನಿಮ್ಮನ್ನು ಗೂಗಲ್‌ನ ಪುಟಕ್ಕೆ ಕಳಿಸುತ್ತದೆ, ನೀವು ಅಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಡುತ್ತೀರಿ, ಗೂಗಲ್ ಆ ಆ್ಯಪ್‌ಗೆ ಟೋಕನ್ ಎಂಬ ಗುಪ್ತ ಸಂಕೇತವೊಂದನ್ನು ಕೊಡುತ್ತದೆ. ದಿನನಿತ್ಯದ ಕೆಲಸಕ್ಕೆ ಬಳಕೆಯಾಗುವ ಟೋಕನ್ನಿನ ಆಯುಸ್ಸು ಚಿಕ್ಕದು, ಗೂಗಲ್‌ನಲ್ಲಿ ಸುಮಾರು ಒಂದು ಗಂಟೆ. ಅದು ಮುಗಿದಾಗಲೆಲ್ಲ ಹೊಸದನ್ನು ಪಡೆಯಲು ಆ್ಯಪ್ ತನ್ನ ಬಳಿ ರಿಫ್ರೆಶ್ ಟೋಕನ್ ಎಂಬ ಇನ್ನೊಂದನ್ನು ಕಾದಿಟ್ಟುಕೊಂಡಿರುತ್ತದೆ. ಜೋಡಣೆ ತಿಂಗಳುಗಟ್ಟಲೆ ನಡೆಯುವುದೂ, ಒಂದು ದಿನ ಇದ್ದಕ್ಕಿದ್ದಂತೆ ಕಡಿದುಹೋಗುವುದೂ ಈ ಎರಡನೆಯ ಟೋಕನ್ನಿನ ಕಾರಣದಿಂದ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಯಾವುದೇ ಆ್ಯಪ್ ತನ್ನದೇ ಪರದೆಯಲ್ಲಿ ನಿಮ್ಮ ಗೂಗಲ್ ಪಾಸ್‌ವರ್ಡ್ ಬರೆಯಲು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಎರಡನೆಯದಾಗಿ, ಈ ರೀತಿ ಕೊಟ್ಟ ಟೋಕನ್ ಒಪ್ಪಿಗೆ ಕೊಟ್ಟ ವ್ಯಕ್ತಿಯ ಪ್ರತಿನಿಧಿಯಾಗಿ ಕೆಲಸ ಮಾಡುತ್ತದೆಯೇ ಹೊರತು ಸಂಘದ ಪ್ರತಿನಿಧಿಯಾಗಿ ಅಲ್ಲ. ಆ ವ್ಯಕ್ತಿ ಏನನ್ನು ನೋಡಬಲ್ಲರೋ ಅದಕ್ಕಿಂತ ಹೆಚ್ಚನ್ನು ಆ್ಯಪ್ ನೋಡಲಾರದು. ಆ ವ್ಯಕ್ತಿಯ ಖಾತೆ ಹೋದ ದಿನ ಆ್ಯಪ್‌ನ ಪ್ರವೇಶವೂ ಹೋಗುತ್ತದೆ.

ಮೊದಲ ಹಂತ: ಜೋಡಣೆಗೆಂದೇ ಒಂದು ಖಾತೆ

ಕಾರ್ಯದರ್ಶಿಗಳ ಖಾತೆಯಿಂದ ಜೋಡಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟ ದಾರಿಯೂ ಅದೇ. ಅವರ ಖಾತೆಯಲ್ಲಿ ಸಿಬ್ಬಂದಿಯ ಸಂಬಳದ ವಿವರ, ಸಾಲ ವಸೂಲಿಯ ಪತ್ರವ್ಯವಹಾರ, ಸದಸ್ಯರ ಆಧಾರ್ ಪ್ರತಿ ಎಲ್ಲವೂ ಇರುತ್ತದೆ. ತೂಕದ ಚೀಟಿ ಕಳಿಸಲು ಬಂದ ಆ್ಯಪ್‌ಗೆ ಅವು ಯಾವುವೂ ಬೇಕಿಲ್ಲ.

ಆದ್ದರಿಂದ ಸಂಘದ ಡೊಮೇನ್‌ನಲ್ಲಿಯೇ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಸಂಘದ ಹೆಸರಿನಲ್ಲಿಯೇ) ‘ದಾಖಲೆ’ ಅಥವಾ ‘ಸ್ಕ್ಯಾನ್’ ಎಂಬಂತಹ ಹೆಸರಿನ ಒಂದು ಪ್ರತ್ಯೇಕ ಬಳಕೆದಾರ ಖಾತೆ ತೆರೆಯಿರಿ. ಇದಕ್ಕೆ ತಿಂಗಳಿಗೆ ಇನ್ನೊಂದು ಲೈಸೆನ್ಸಿನ ಶುಲ್ಕ ತಗಲುತ್ತದೆ, ಮತ್ತು ಆಡಳಿತ ಮಂಡಳಿಯಲ್ಲಿ ಅದರ ಬಗ್ಗೆ ಪ್ರಶ್ನೆ ಏಳುವುದು ಸಹಜ. ಆ ಖರ್ಚು ಸಾರ್ಥಕ ಎಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಸಿಬ್ಬಂದಿ ಬದಲಾದರೂ ಈ ಖಾತೆ ಬದಲಾಗುವುದಿಲ್ಲ. ಆ ಶುಲ್ಕ ನಿಜಕ್ಕೂ ಕಷ್ಟವಾದರೆ ಇರುವ ಸಿಬ್ಬಂದಿಯ ಪೈಕಿ ಕಡಿಮೆ ಕಡತಗಳಿಗೆ ಪ್ರವೇಶ ಇರುವವರ ಖಾತೆಯನ್ನು ಆರಿಸಿ, ಅವರು ಚಾರ್ಜ್ ಬಿಟ್ಟುಕೊಡುವಾಗ ಬರೆಯುವ ಪಟ್ಟಿಯಲ್ಲಿ ಬೀಗದ ಕೈ, ಚೆಕ್ ಪುಸ್ತಕಗಳ ಸಾಲಿನಲ್ಲಿ ‘ಸ್ಕ್ಯಾನ್ ಆ್ಯಪ್ ಜೋಡಣೆ’ ಎಂಬ ಸಾಲೂ ಇರುವಂತೆ ನೋಡಿಕೊಳ್ಳಬೇಕು.

ಈ ಖಾತೆಗೆ ಎರಡು ಹಂತದ ದೃಢೀಕರಣ ಹಾಕಲೇಬೇಕು. ನಮ್ಮ ಕಡೆ ಇಲ್ಲೊಂದು ವಿಶೇಷ ಎಚ್ಚರ ಬೇಕು. ಎಸ್ಎಂಎಸ್ ಮೂಲಕ ಬರುವ ಓಟಿಪಿಯನ್ನು ನಂಬಿಕೊಂಡರೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತಾಗ ಕಚೇರಿಯಲ್ಲಿ ವೈಫೈ ಇದ್ದರೂ ಓಟಿಪಿ ಬರುವುದಿಲ್ಲ. ಅದರ ಬದಲು ಆಥೆಂಟಿಕೇಟರ್ ಆ್ಯಪ್ ಬಳಸಿ. ಅದು ಸಂಕೇತವನ್ನು ಫೋನಿನೊಳಗೇ ಲೆಕ್ಕಹಾಕುವುದರಿಂದ ನೆಟ್‌ವರ್ಕ್ ಬೇಕಿಲ್ಲ. ಗೂಗಲ್ ಕೊಡುವ 10 ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಅಂಟಿಸಿ, ಸಂಘದ ತಿಜೋರಿಯಲ್ಲಿ ಇಡಿ. ಪ್ರತಿ ಸಂಕೇತ ಒಂದು ಸಲ ಮಾತ್ರ ನಡೆಯುತ್ತದೆ ಎಂಬುದನ್ನು ಲಕೋಟೆಯ ಮೇಲೆಯೇ ಬರೆದರೆ ಒಳ್ಳೆಯದು.

ಎರಡನೆಯ ಹಂತ: ಪ್ರತ್ಯೇಕ ಶೇರ್ಡ್ ಡ್ರೈವ್

ಗೂಗಲ್‌ನಲ್ಲಿ ‘ಮೈ ಡ್ರೈವ್’ನಲ್ಲಿ ಇಟ್ಟ ಕಡತ ಆ ವ್ಯಕ್ತಿಗೆ ಸೇರಿದ್ದು, ಶೇರ್ಡ್ ಡ್ರೈವ್‌ನಲ್ಲಿ ಇಟ್ಟ ಕಡತ ಸಂಸ್ಥೆಗೆ ಸೇರಿದ್ದು. ಸಿಬ್ಬಂದಿಯೊಬ್ಬರ ಖಾತೆ ಅಳಿಸಿದರೂ ಅವರು ಶೇರ್ಡ್ ಡ್ರೈವ್‌ಗೆ ಹಾಕಿದ ಕಡತಗಳು ಅಲ್ಲಿಯೇ ಉಳಿಯುತ್ತವೆ. ತಂಡದ ದಾಖಲೆಗಳಿಗೆ ಎರಡನೆಯದೇ ಸರಿಯಾದ ಜಾಗ.

ಈಗಾಗಲೇ ಇರುವ ದೊಡ್ಡ ಡ್ರೈವ್‌ನೊಳಗೆ ಒಂದು ಫೋಲ್ಡರ್ ಮಾಡಿ ಆ್ಯಪ್‌ಗೆ ತೋರಿಸುವ ಬದಲು, ಸ್ಕ್ಯಾನ್ ಕಡತಗಳಿಗೆಂದೇ ಹೊಸ ಶೇರ್ಡ್ ಡ್ರೈವ್ ತೆರೆಯಿರಿ. ಜೋಡಣೆಯ ಖಾತೆಯನ್ನು ಅದೊಂದಕ್ಕೆ ಮಾತ್ರ ಸದಸ್ಯನನ್ನಾಗಿ ಮಾಡಿ, ಬೇರೆ ಯಾವ ಡ್ರೈವ್‌ಗೂ ಸೇರಿಸಬೇಡಿ. ಹೀಗೆ ಮಾಡುವುದರಿಂದ ಸಿಗುವ ರಕ್ಷಣೆ ದೊಡ್ಡದು. ಆ್ಯಪ್ ನಾಳೆ ‘ನಿಮ್ಮ ಎಲ್ಲ ಕಡತಗಳನ್ನು ನೋಡುವ ಅನುಮತಿ’ ಕೇಳಿದರೂ, ಸಂಘದ ದಾಖಲೆಗಳ ಪೈಕಿ ಆ ಖಾತೆಯ ಪಾಲಿಗೆ ‘ಎಲ್ಲ’ ಎಂದರೆ ಆ ಒಂದು ಡ್ರೈವ್ ಮಾತ್ರ. ಅನುಮತಿಯ ಪುಟದಲ್ಲಿ ನಮ್ಮ ಕೈಯಲ್ಲಿ ಇರುವುದು ಕಡಿಮೆ. ಆ್ಯಪ್ ತಯಾರಿಸಿದವರು ಏನು ಕೇಳಬೇಕೆಂದು ಮೊದಲೇ ನಿರ್ಧರಿಸಿರುತ್ತಾರೆ. ಖಾತೆ ಏನನ್ನು ನೋಡಬಹುದು ಎಂಬುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ.

ಸದಸ್ಯನನ್ನಾಗಿ ಮಾಡುವಾಗ ಪಾತ್ರವನ್ನು ಆರಿಸಬೇಕಾಗುತ್ತದೆ. ವ್ಯೂವರ್, ಕಮೆಂಟರ್, ಕಾಂಟ್ರಿಬ್ಯೂಟರ್, ಕಂಟೆಂಟ್ ಮ್ಯಾನೇಜರ್, ಮ್ಯಾನೇಜರ್ ಎಂಬ ಐದು ಪಾತ್ರಗಳಿವೆ. ಸ್ಕ್ಯಾನ್ ಆ್ಯಪ್‌ಗೆ ಕಾಂಟ್ರಿಬ್ಯೂಟರ್ ಸಾಕು: ಆ ಪಾತ್ರಕ್ಕೆ ಕಡತ ಸೇರಿಸಲು, ತಿದ್ದಲು ಬರುತ್ತದೆ, ಅಳಿಸಲು ಬರುವುದಿಲ್ಲ. ಆ್ಯಪ್‌ನಲ್ಲಿ ಏನಾದರೂ ಎಡವಟ್ಟಾಗಿ ಇಡೀ ಫೋಲ್ಡರ್ ಅಳಿಸುವ ಆದೇಶ ಹೋದರೂ ಗೂಗಲ್ ಅದನ್ನು ನಿರಾಕರಿಸುತ್ತದೆ. ಕಂಟೆಂಟ್ ಮ್ಯಾನೇಜರ್ ಪಾತ್ರ ಕೊಟ್ಟಿದ್ದರೆ ಅದೇ ಆದೇಶ ಕಡತಗಳನ್ನು ಕಸದ ಬುಟ್ಟಿಗೆ ಹಾಕುತ್ತದೆ, ಮತ್ತು ಶೇರ್ಡ್ ಡ್ರೈವ್‌ನ ಕಸದ ಬುಟ್ಟಿ 30 ದಿನಗಳಾದ ಕಡತವನ್ನು ತಾನಾಗಿ ಅಳಿಸುತ್ತದೆ. ಸುಗ್ಗಿಯ ಗಡಿಬಿಡಿಯಲ್ಲಿ 30 ದಿನ ಕಳೆಯುವುದು ಗೊತ್ತೇ ಆಗುವುದಿಲ್ಲ. ಡ್ರೈವ್‌ನ ಮ್ಯಾನೇಜರ್ ಆಗಿ ಕಾರ್ಯದರ್ಶಿಗಳ ಜೊತೆಗೆ ಇನ್ನೊಬ್ಬ ಹೊಣೆಗಾರರೂ ಇರಲಿ.

ಮೂರನೆಯ ಹಂತ: ಆ್ಯಪ್‌ನ ಪರಿಶೀಲನೆ

ಮೊದಲು ಕೇಳಬೇಕಾದ ಪ್ರಶ್ನೆ, ಆ್ಯಪ್‌ಗೆ ಶೇರ್ಡ್ ಡ್ರೈವ್ ಕಾಣುತ್ತದೆಯೇ ಎಂಬುದು. ಗೂಗಲ್‌ನ ವ್ಯವಸ್ಥೆಯಲ್ಲಿ ಶೇರ್ಡ್ ಡ್ರೈವ್‌ನ ಕಡತಗಳನ್ನು ಮುಟ್ಟಲು ತಂತ್ರಾಂಶ ಬರೆಯುವವರು ಅದಕ್ಕೆಂದು ಪ್ರತ್ಯೇಕ ಸೂಚನೆ ಸೇರಿಸಿರಬೇಕು. ಸೇರಿಸದ ಆ್ಯಪ್‌ಗಳು ಜೋಡಣೆಯಾದ ಮೇಲೂ ‘ಮೈ ಡ್ರೈವ್’ ಮಾತ್ರ ತೋರಿಸುತ್ತವೆ. ಹಣ ಕಟ್ಟುವ ಮೊದಲೇ ಈ ಪ್ರಶ್ನೆಯನ್ನು ಆ್ಯಪ್‌ನವರಿಗೆ ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ.

ಎರಡನೆಯದು, ಕಡತದ ಪ್ರತಿಯೊಂದು ಆ್ಯಪ್‌ನವರ ಸರ್ವರ್‌ನಲ್ಲಿಯೂ ಉಳಿಯುತ್ತದೆಯೇ ಎಂಬುದು. ಅಕ್ಷರ ಗುರುತಿಸಿ ಪಠ್ಯ ತೆಗೆಯುವ ಸೌಲಭ್ಯ ಇರುವ ಆ್ಯಪ್‌ಗಳು ಚಿತ್ರವನ್ನು ತಮ್ಮ ಸರ್ವರ್‌ಗೆ ಕಳಿಸಿಕೊಳ್ಳುವುದುಂಟು. ತೂಕದ ಚೀಟಿಯಲ್ಲಿ ಸದಸ್ಯರ ಹೆಸರು, ಊರು ಮಾತ್ರ ಇದ್ದರೆ ಅಪಾಯ ಕಡಿಮೆ. ಅದೇ ಆ್ಯಪ್‌ನಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡತೊಡಗಿದರೆ ಲೆಕ್ಕ ಬೇರೆಯೇ ಆಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ, ಮಾಹಿತಿ ಸಂಗ್ರಹಿಸಿದ ಸಂಸ್ಥೆ ಅದರ ಸಂಸ್ಕರಣೆಯನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಆ ಸಂಸ್ಥೆಯದೇ ಆಗಿರುತ್ತದೆ. ಸಾಧ್ಯವಿದ್ದ ಕಡೆಯೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನೇ ಕೇಳಿ ಪಡೆಯುವುದು ಸಂಘಕ್ಕೂ ಸದಸ್ಯರಿಗೂ ಕ್ಷೇಮ.

ಮೂರನೆಯದು, ಜೋಡಣೆ ಒಂದೇ ದಿಕ್ಕಿನದೋ ಎರಡೂ ದಿಕ್ಕಿನದೋ ಎಂಬುದು. ‘ಸಿಂಕ್’ ಎಂದು ಹೇಳುವ ಆ್ಯಪ್‌ಗಳಲ್ಲಿ ಹಲವು ಎರಡೂ ಕಡೆಯನ್ನು ಒಂದೇ ಸ್ಥಿತಿಯಲ್ಲಿ ಇಡಲು ನೋಡುತ್ತವೆ. ಜಾಗ ಖಾಲಿ ಮಾಡಲೆಂದು ಕೇಂದ್ರದ ಫೋನಿನಲ್ಲಿ ಹಳೆಯ ಚೀಟಿ ಅಳಿಸಿದರೆ ಕ್ಲೌಡ್‌ನಲ್ಲಿಯೂ ಅಳಿಯಬಹುದು. ನಮಗೆ ಬೇಕಾದದ್ದು ‘ಅಪ್‌ಲೋಡ್ ಮಾತ್ರ’ ಎಂಬ ಆಯ್ಕೆ.

ನಾಲ್ಕನೆಯ ಹಂತ: ನಿರ್ವಾಹಕರ ಒಪ್ಪಿಗೆ

ಗೂಗಲ್ ವರ್ಕ್‌ಸ್ಪೇಸ್‌ನ ಅಡ್ಮಿನ್ ಕನ್ಸೋಲ್ (ನಿರ್ವಾಹಕರ ನಿಯಂತ್ರಣ ಪುಟ) ತೆರೆದು ‘ಸೆಕ್ಯುರಿಟಿ’ ವಿಭಾಗದ ‘ಆಕ್ಸೆಸ್ ಅಂಡ್ ಡೇಟಾ ಕಂಟ್ರೋಲ್’ ಒಳಗಿರುವ ‘ಎಪಿಐ ಕಂಟ್ರೋಲ್ಸ್’ಗೆ ಹೋಗಿ. ಅಲ್ಲಿ ಹೊರಗಿನ ಆ್ಯಪ್‌ಗಳ ಪ್ರವೇಶವನ್ನು ನಿರ್ವಹಿಸುವ ಪಟ್ಟಿ ಸಿಗುತ್ತದೆ. ಬೇಕಾದ ಆ್ಯಪ್ಪನ್ನು ಹೆಸರಿನಿಂದ ಅಥವಾ ಆ್ಯಪ್‌ನವರು ಕೊಟ್ಟ ಕ್ಲೈಂಟ್ ಐಡಿಯಿಂದ (ಗೂಗಲ್‌ನಲ್ಲಿ ಆ ಆ್ಯಪ್‌ಗೆ ಇರುವ ಗುರುತಿನ ಸಂಕೇತದಿಂದ) ಹುಡುಕಿ ಸೇರಿಸಿ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ್ದರಿಂದ ಕ್ಲೈಂಟ್ ಐಡಿಯೇ ಹೆಚ್ಚು ಭದ್ರ. ಆಮೇಲೆ ಅದನ್ನು ಪೂರ್ತಿ ನಂಬುವುದೋ, ನಿರ್ದಿಷ್ಟ ದತ್ತಾಂಶಕ್ಕೆ ಮಾತ್ರ ಬಿಡುವುದೋ, ತಡೆಯುವುದೋ ಎಂದು ಆರಿಸಬೇಕು. ಆರಿಸುವಾಗ ಇಡೀ ಸಂಸ್ಥೆಗೆ ಅನ್ವಯಿಸದೆ, ಜೋಡಣೆಯ ಖಾತೆಯನ್ನು ಒಂದು ಪ್ರತ್ಯೇಕ ಸಾಂಸ್ಥಿಕ ಘಟಕದಲ್ಲಿಟ್ಟು (ಖಾತೆಗಳನ್ನು ಗುಂಪು ಮಾಡುವ ವಿಭಾಗದಲ್ಲಿಟ್ಟು) ಆ ಘಟಕಕ್ಕೆ ಮಾತ್ರ ಬಿಡುವುದು ಉತ್ತಮ. ಆಗ ಉಳಿದ ಸಿಬ್ಬಂದಿ ಅದೇ ಆ್ಯಪ್ಪನ್ನು ತಮ್ಮ ಖಾತೆಗೆ ಜೋಡಿಸದಂತೆ ಇದೇ ಪುಟದಿಂದ ತಡೆಯಲೂಬಹುದು.

ಇದರ ಜೊತೆಗೆ ‘ಡ್ರೈವ್ ಅಂಡ್ ಡಾಕ್ಸ್’ ಸೆಟ್ಟಿಂಗ್ಸ್‌ನಲ್ಲಿ ಡ್ರೈವ್ ಎಸ್‌ಡಿಕೆ ಎಂಬ ಆಯ್ಕೆ ಚಾಲೂ ಇದೆಯೇ ನೋಡಿ. ಅದು ಆಫ್ ಆಗಿದ್ದರೆ ಮೇಲಿನದೆಲ್ಲ ಸರಿ ಇದ್ದರೂ ಹೊರಗಿನ ಆ್ಯಪ್‌ಗಳು ಡ್ರೈವ್ ಮುಟ್ಟಲಾರವು.

ಐದನೆಯ ಹಂತ: ಒಪ್ಪಿಗೆಯ ಪುಟವನ್ನು ಓದುವುದು

ಈಗ ಗುಂಡಿ ಒತ್ತಬಹುದು. ಕಚೇರಿಯ ಕಂಪ್ಯೂಟರ್‌ನಲ್ಲಿ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ (ಮೊದಲಿನ ಲಾಗಿನ್‌ಗಳು ಕಾಣದ ಖಾಸಗಿ ಕಿಟಕಿ) ತೆರೆದು, ಅಲ್ಲಿ ಆ್ಯಪ್‌ನ ಜಾಲತಾಣಕ್ಕೆ ಲಾಗಿನ್ ಆಗಿ, ನಂತರ ‘ಕನೆಕ್ಟ್’ ಒತ್ತಿ. ಸಾಮಾನ್ಯ ಕಿಟಕಿಯಲ್ಲಿ ಒತ್ತಿದರೆ ಮೊದಲೇ ತೆರೆದಿರುವ ಯಾರದೋ ವೈಯಕ್ತಿಕ ಜಿಮೇಲ್ ಖಾತೆಗೆ ಜೋಡಣೆ ಆಗಿಬಿಡುವ ಸಂಭವ ಹೆಚ್ಚು.

ಒಪ್ಪಿಗೆಯ ಪುಟ ಬಂದಾಗ ಅವಸರ ಬೇಡ. ಮೊದಲು ಬ್ರೌಸರ್‌ನ ವಿಳಾಸದ ಸಾಲನ್ನು ನೋಡಿ. ಅಲ್ಲಿ ‘ಅಕೌಂಟ್ಸ್ ಡಾಟ್ ಗೂಗಲ್ ಡಾಟ್ ಕಾಮ್’ ಎಂದಿರಬೇಕು. ನಂತರ ಮೇಲ್ಭಾಗದಲ್ಲಿರುವ ಖಾತೆಯ ಹೆಸರು ಸಂಘದ ಜೋಡಣೆಯ ಖಾತೆಯದೇ ಎಂದು ಖಚಿತಪಡಿಸಿಕೊಳ್ಳಿ. ಆ್ಯಪ್‌ನ ಹೆಸರಿನ ಮೇಲೆ ಒತ್ತಿದರೆ ಅದನ್ನು ತಯಾರಿಸಿದವರ ಇಮೇಲ್ ಕಾಣುತ್ತದೆ, ಅದನ್ನೂ ಓದಿ. 2017ರ ಮೇ 3ರಂದು ‘ಗೂಗಲ್ ಡಾಕ್ಸ್’ ಎಂಬ ಹೆಸರನ್ನೇ ಇಟ್ಟುಕೊಂಡ ಒಂದು ನಕಲಿ ಆ್ಯಪ್ ಇಮೇಲ್ ಮೂಲಕ ಹರಡಿತು. ಜನ ಕಂಡ ಒಪ್ಪಿಗೆಯ ಪುಟ ಗೂಗಲ್‌ನ ಅಸಲಿ ಪುಟವೇ ಆಗಿತ್ತು. ಕೇಳುತ್ತಿದ್ದವರು ಮಾತ್ರ ಬೇರೆ. ವಿಳಾಸ ಸರಿ ಇದ್ದರಷ್ಟೇ ಸಾಲದು ಎಂಬುದಕ್ಕೆ ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. ‘ಈ ಆ್ಯಪ್ಪನ್ನು ಗೂಗಲ್ ಪರಿಶೀಲಿಸಿಲ್ಲ’ ಎಂಬ ಎಚ್ಚರಿಕೆ ಬಂದರೆ, ಅದು ನೀವೇ ಬರೆಯಿಸಿಕೊಂಡ ಆ್ಯಪ್ ಆಗಿದ್ದ ಹೊರತು, ಮುಂದುವರಿಯಬೇಡಿ.

ಇನ್ನು ಅನುಮತಿಯ ಸಾಲುಗಳು. ಡ್ರೈವ್‌ಗೆ ಸಂಬಂಧಿಸಿದಂತೆ ಸಾಮಾನ್ಯವಾಗಿ ಮೂರು ಬಗೆಯ ಸಾಲು ಕಾಣುತ್ತವೆ. ‘ಈ ಆ್ಯಪ್ ಜೊತೆ ನೀವು ಬಳಸುವ ನಿರ್ದಿಷ್ಟ ಕಡತಗಳನ್ನು ಮಾತ್ರ ನೋಡುವ, ತಿದ್ದುವ, ಸೃಷ್ಟಿಸುವ, ಅಳಿಸುವ’ ಅನುಮತಿ ಎಲ್ಲಕ್ಕಿಂತ ಕಿರಿದಾದದ್ದು. ಆ್ಯಪ್ ತಾನು ಸೃಷ್ಟಿಸಿದ ಕಡತವನ್ನು ಮತ್ತು ನೀವು ಆರಿಸಿ ಕೊಟ್ಟ ಕಡತವನ್ನು ಮಾತ್ರ ಮುಟ್ಟಬಲ್ಲದು. ಸ್ಕ್ಯಾನ್ ಕಳಿಸುವ ಕೆಲಸಕ್ಕೆ ಇದು ಸಾಕು. ‘ಎಲ್ಲ ಕಡತಗಳನ್ನು ನೋಡುವ, ಡೌನ್‌ಲೋಡ್ ಮಾಡುವ’ ಅನುಮತಿ ಹುಡುಕಾಟದ ಅಥವಾ ಬ್ಯಾಕಪ್‌ನ ಆ್ಯಪ್‌ಗಳಿಗೆ ಬೇಕಾಗಬಹುದು. ‘ಎಲ್ಲ ಕಡತಗಳನ್ನು ನೋಡುವ, ತಿದ್ದುವ, ಸೃಷ್ಟಿಸುವ, ಅಳಿಸುವ’ ಅನುಮತಿ ಕೇಳಿದರೆ ಕಾರಣವನ್ನು ಆ್ಯಪ್‌ನವರಿಂದ ಕೇಳಿ ತಿಳಿದ ಮೇಲೆಯೇ ಮುಂದುವರಿಯಬೇಕು. ಡ್ರೈವ್ ಬಿಟ್ಟು ಜಿಮೇಲ್ ಓದುವ, ಸಂಪರ್ಕ ಪಟ್ಟಿ ನೋಡುವ ಅನುಮತಿಯನ್ನೂ ಸ್ಕ್ಯಾನ್ ಆ್ಯಪ್ ಕೇಳಿದರೆ ಬೇರೆ ಆ್ಯಪ್ ಹುಡುಕುವುದೇ ಒಳ್ಳೆಯದು. ಅನುಮತಿಗಳ ಮುಂದೆ ಪ್ರತ್ಯೇಕ ಚೌಕಗಳು ಇದ್ದಲ್ಲಿ ಬೇಕಾದುದನ್ನು ಮಾತ್ರ ಗುರುತು ಹಾಕಿ. ಈ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಏಕೆಂದರೆ ಮುಂದೆ ಆಡಿಟ್‌ನವರು ಕೇಳಿದಾಗ ಏನನ್ನು ಒಪ್ಪಿದ್ದೆವು ಎಂಬುದಕ್ಕೆ ಅದೇ ದಾಖಲೆ.

ಒಪ್ಪಿಗೆ ಮುಗಿದ ಮೇಲೆ ಆ್ಯಪ್‌ನಲ್ಲಿ ಗುರಿಯ ಫೋಲ್ಡರ್ ಆರಿಸಬೇಕು. ಹಲವು ಆ್ಯಪ್‌ಗಳು ಏನೂ ಆರಿಸದಿದ್ದರೆ ‘ಮೈ ಡ್ರೈವ್’ನಲ್ಲಿ ತಮ್ಮ ಹೆಸರಿನ ಫೋಲ್ಡರ್ ಮಾಡಿಕೊಂಡು ಅಲ್ಲಿಯೇ ಕಡತ ತುಂಬುತ್ತವೆ.

ಡ್ರಾಪ್‌ಬಾಕ್ಸ್ ಮತ್ತು ಮೈಕ್ರೋಸಾಫ್ಟ್ ಬಳಸುವವರಿಗೆ

ಡ್ರಾಪ್‌ಬಾಕ್ಸ್‌ನಲ್ಲಿ ಆ್ಯಪ್‌ಗಳು ಎರಡು ತರಹದವು. ಕೆಲವಕ್ಕೆ ತಮ್ಮದೇ ಆ್ಯಪ್ ಫೋಲ್ಡರ್ ಮಾತ್ರ ಸಿಗುತ್ತದೆ, ಕೆಲವಕ್ಕೆ ಪೂರ್ತಿ ಡ್ರಾಪ್‌ಬಾಕ್ಸ್ ಸಿಗುತ್ತದೆ. ಮೊದಲನೆಯದು ಸುರಕ್ಷಿತ, ಆದರೆ ಆ ಫೋಲ್ಡರ್ ಹುಟ್ಟುವುದು ಜೋಡಿಸಿದ ಸದಸ್ಯರ ಸ್ವಂತ ಜಾಗದಲ್ಲಿ, ತಂಡದ ಫೋಲ್ಡರ್‌ನಲ್ಲಿ ಅಲ್ಲ. ಹಾಗಾಗಿ ಜೋಡಣೆಯ ಖಾತೆಯಲ್ಲಿ ಬಿದ್ದ ಕಡತಗಳನ್ನು ಕಚೇರಿಯವರು ದಿನಕ್ಕೊಮ್ಮೆ ತಂಡದ ಫೋಲ್ಡರಿಗೆ ಸಾಗಿಸಬೇಕಾಗುತ್ತದೆ. ಅದು ಸ್ವಲ್ಪ ಕಿರಿಕಿರಿಯ ಕೆಲಸವೇ ಸರಿ. ಆದರೂ ಆಧಾರ್, ಪಾಸ್‌ಬುಕ್‌ಗಳಂತಹ ದಾಖಲೆ ಇರುವ ಕಡೆ ನಾನು ಇದನ್ನೇ ಸೂಚಿಸುತ್ತೇನೆ. ವೈಯಕ್ತಿಕ ಮತ್ತು ಕಚೇರಿಯ ಡ್ರಾಪ್‌ಬಾಕ್ಸ್ ಖಾತೆಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ ಯಾವುದಕ್ಕೆ ಜೋಡಿಸಬೇಕೆಂದು ನಡುವೆ ಒಂದು ಪ್ರಶ್ನೆ ಬರುತ್ತದೆ, ಅಲ್ಲಿ ಎಚ್ಚರ ಬೇಕು.

ಮೈಕ್ರೋಸಾಫ್ಟ್‌ನಲ್ಲಿ ತಂಡದ ಕಡತಗಳು ಇರುವುದು ಶೇರ್‌ಪಾಯಿಂಟ್ ಸೈಟ್‌ನಲ್ಲಿ, ಒನ್‌ಡ್ರೈವ್ ವ್ಯಕ್ತಿಯದು. ಜೋಡಿಸಲು ಹೋದಾಗ ‘ನಿರ್ವಾಹಕರ ಅನುಮೋದನೆ ಬೇಕು’ ಎಂಬ ಪುಟ ಬರುವುದು ಸಾಮಾನ್ಯ. ಆಗ ನಿರ್ವಾಹಕರೇ ಬಂದು ಲಾಗಿನ್ ಆದರೆ ಅನುಮತಿಗಳ ಕೆಳಗೆ ‘ನಿಮ್ಮ ಸಂಸ್ಥೆಯ ಪರವಾಗಿ ಒಪ್ಪಿಗೆ ಕೊಡಿ’ ಎಂಬ ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಿದರೆ ಸಂಸ್ಥೆಯ ಪ್ರತಿಯೊಬ್ಬ ಬಳಕೆದಾರರ ಪರವಾಗಿ ಒಪ್ಪಿಗೆ ಕೊಟ್ಟಂತಾಗುತ್ತದೆ, ಮತ್ತು ಇತರರಿಗೆ ಮುಂದೆ ಒಪ್ಪಿಗೆಯ ಪುಟವೇ ಕಾಣುವುದಿಲ್ಲ. ಹಾಗೆ ಕೊಡಲೇಬೇಕಾಗಿ ಬಂದರೆ ಮೈಕ್ರೋಸಾಫ್ಟ್ ಖಾತೆಗಳನ್ನು ನಿರ್ವಹಿಸುವ ಎಂಟ್ರಾ ಅಡ್ಮಿನ್ ಸೆಂಟರ್‌ನ ‘ಎಂಟರ್‌ಪ್ರೈಸ್ ಅಪ್ಲಿಕೇಶನ್ಸ್’ನಲ್ಲಿ ಆ ಆ್ಯಪ್ ತೆರೆದು, ನಿಯೋಜಿಸಿದ ಬಳಕೆದಾರರಿಗೆ ಮಾತ್ರ ಎಂಬ ನಿರ್ಬಂಧ ಹಾಕಿ, ಜೋಡಣೆಯ ಖಾತೆಯೊಂದನ್ನೇ ನಿಯೋಜಿಸಬೇಕು.

ಆರನೆಯ ಹಂತ: ಪರೀಕ್ಷೆ

ಜೋಡಣೆಯಾದ ದಿನವೇ ಎರಡೂ ಕೇಂದ್ರಗಳಿಂದ ಒಂದೊಂದು ಚೀಟಿ ಕಳಿಸಿ ನೋಡಬೇಕು. ಕಡತದ ಹೆಸರಿನ ಕ್ರಮವನ್ನೂ ಅಂದೇ ತೀರ್ಮಾನಿಸಿ: ಮೊದಲು ವರ್ಷ, ತಿಂಗಳು, ದಿನಾಂಕ, ನಂತರ ಕೇಂದ್ರದ ಹೆಸರು, ಮಾಲಿನ ಬಗೆ, ಚೀಟಿಯ ಸಂಖ್ಯೆ. ‘2025-12-04 ಕೋಣಂದೂರು ರಾಶಿ 0142’ ಎಂಬಂತೆ ಇದ್ದರೆ ಪಟ್ಟಿ ತಾನಾಗಿಯೇ ದಿನಾಂಕದ ಕ್ರಮದಲ್ಲಿ ನಿಲ್ಲುತ್ತದೆ, ವರ್ಷಗಳಾದ ಮೇಲೂ ಹುಡುಕಲು ಸಿಗುತ್ತದೆ.

ಆ ದಿನ ಕೇಂದ್ರದಿಂದ ಬರುವ ದೂರು ಹೆಚ್ಚಾಗಿ ಹೀಗಿರುತ್ತದೆ: “ಸಾರ್, ನಮ್ಮ ಫೋನಲ್ಲಿ ಹೋಗಿದೆ ಅಂತ ಹಸಿರು ಗುರುತು ಬಂದಿದೆ, ನಿಮಗೆ ಬಂದಿಲ್ವಾ?” ಹಸಿರು ಗುರುತು ಆ್ಯಪ್‌ನವರ ಸರ್ವರ್‌ಗೆ ತಲುಪಿದ್ದನ್ನು ಹೇಳುತ್ತಿರಬಹುದು, ಡ್ರೈವ್‌ಗೆ ತಲುಪಿದ್ದನ್ನಲ್ಲ. ಹಾಗಾಗಿ ಪರೀಕ್ಷೆಯನ್ನು ಯಾವಾಗಲೂ ಡ್ರೈವ್‌ನ ಕಡೆಯಿಂದ ನೋಡಬೇಕು, ಅದೂ ಜೋಡಣೆಯ ಖಾತೆಯಿಂದಲ್ಲ, ಬೇರೆ ಸಿಬ್ಬಂದಿಯ ಖಾತೆಯಿಂದ. ಅವರಿಗೆ ಕಂಡರೆ ಕಡತ ತಂಡದ ಜಾಗದಲ್ಲೇ ಇದೆ ಎಂದು ಖಾತ್ರಿ.

ನಂತರ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಎರಡು ಚೀಟಿ ಸ್ಕ್ಯಾನ್ ಮಾಡಿ, ಆ್ಯಪ್ ಮುಚ್ಚಿ, ಆಮೇಲೆ ನೆಟ್‌ವರ್ಕ್ ಕೊಡಿ. ಬಾಕಿ ಉಳಿದ ಕಡತಗಳು ತಾವಾಗಿ ಹೋಗುತ್ತವೆಯೋ, ಆ್ಯಪ್ ತೆರೆದರೆ ಮಾತ್ರ ಹೋಗುತ್ತವೆಯೋ ಎಂಬುದು ಗೊತ್ತಾಗಬೇಕು. ಆಗುಂಬೆಯ ಕಡೆ ಸಿಗ್ನಲ್ ಬರುವುದು ಹೋಗುವುದು ನಿತ್ಯದ ಮಾತಾದ್ದರಿಂದ ಈ ಪರೀಕ್ಷೆಯನ್ನು ಬಿಡಬಾರದು. ಕೊನೆಯದಾಗಿ ಫೋನಿನಿಂದ ಒಂದು ಚೀಟಿ ಅಳಿಸಿ, ಡ್ರೈವ್‌ನ ಪ್ರತಿ ಉಳಿದಿದೆಯೇ ನೋಡಿ.

ಜೋಡಣೆ ಕಡಿದಾಗ

ಅಡಿಕೆಯ ಊರಿನಲ್ಲಿ ಎದುರಾಗುವ ಮುಖ್ಯ ಕಾರಣ ಒಂದಿದೆ. ಗೂಗಲ್‌ನ ರಿಫ್ರೆಶ್ ಟೋಕನ್ ಆರು ತಿಂಗಳು ಬಳಕೆಯಾಗದಿದ್ದರೆ ರದ್ದಾಗುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಸಾಮಾನ್ಯ ಮಿತಿ 90 ದಿನ. ವರ್ಷವಿಡೀ ಬಿಲ್ ಮಾಡುವ ಅಂಗಡಿಗೆ ಇದು ತಟ್ಟುವುದೇ ಇಲ್ಲ. ಸುಗ್ಗಿಯಲ್ಲಿ ಮಾತ್ರ ಚೀಟಿ ಸ್ಕ್ಯಾನ್ ಮಾಡುವ ಸಂಘಕ್ಕೆ ತಟ್ಟುತ್ತದೆ: ಮಾಲು ಬರುವುದು ನಿಂತ ಮೇಲೆ ಆ್ಯಪ್ ಬೇಸಿಗೆ, ಮಳೆಗಾಲ ಪೂರ್ತಿ ಸುಮ್ಮನಿರುತ್ತದೆ, ಮತ್ತೆ ಕೊಯ್ಲು ಶುರುವಾಗಿ ಕೇಂದ್ರದ ಮುಂದೆ ಗಾಡಿ ನಿಂತ ದಿನವೇ ಜೋಡಣೆ ಸತ್ತಿರುವುದು ತಿಳಿಯುತ್ತದೆ. ಪರಿಹಾರ ಸರಳ. ತಿಂಗಳಿಗೊಮ್ಮೆ ಒಂದು ಪರೀಕ್ಷಾ ಚೀಟಿ ಕಳಿಸುವ ಕೆಲಸವನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ, ಸುಗ್ಗಿಗೆ ಹದಿನೈದು ದಿನ ಮುಂಚೆ ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಸರಿಯಾಗಿ ವಾರಕ್ಕೊಮ್ಮೆ ಕಡಿಯುತ್ತಿದ್ದರೆ ಅದು ಬೇರೆ ಕಥೆ. ಶಿವಮೊಗ್ಗದ ಯಾರಾದರೂ ಡೆವಲಪರ್‌ಗಳಿಂದ ಸಂಘಕ್ಕೆಂದೇ ಆ್ಯಪ್ ಬರೆಯಿಸಿದ್ದರೆ, ಅದು ಗೂಗಲ್‌ನಲ್ಲಿ ಇನ್ನೂ ‘ಟೆಸ್ಟಿಂಗ್’ ಸ್ಥಿತಿಯಲ್ಲಿ ಇರುವುದು ಸಂಭವ. ಆ ಸ್ಥಿತಿಯಲ್ಲಿ ಹೊರಗಿನ ಬಳಕೆದಾರರ ರಿಫ್ರೆಶ್ ಟೋಕನ್ 7 ದಿನಗಳಿಗೆ ಮುಗಿಯುತ್ತದೆ. ಆ್ಯಪ್ಪನ್ನು ಸಂಘದ ವರ್ಕ್‌ಸ್ಪೇಸ್‌ನೊಳಗೇ ನೋಂದಾಯಿಸಿ ಬಳಕೆದಾರರ ಬಗೆಯನ್ನು ‘ಇಂಟರ್ನಲ್’ ಎಂದು ಇಡುವಂತೆ ಅವರಿಗೆ ಹೇಳಿ. ಡ್ರಾಪ್‌ಬಾಕ್ಸ್‌ನಲ್ಲಿ ನಾಲ್ಕು ಗಂಟೆಗೊಮ್ಮೆ ಕಡಿಯುವುದಾದರೆ, ಆ್ಯಪ್ ಬರೆದವರು ರಿಫ್ರೆಶ್ ಟೋಕನ್ ಕೇಳುವ ಸಾಲನ್ನು ಸೇರಿಸಿಲ್ಲ ಎಂದು ಊಹಿಸಬಹುದು. ಅಲ್ಲಿ ಅಲ್ಪಾಯುಸ್ಸಿನ ಟೋಕನ್ ನಡೆಯುವುದು ನಾಲ್ಕೇ ಗಂಟೆ. ಜೋಡಣೆ ಇದ್ದೂ ಕಡತ ಬರುತ್ತಿಲ್ಲವಾದರೆ ಸಂಗ್ರಹ ಜಾಗ ತುಂಬಿದೆಯೇ, ಡ್ರೈವ್‌ನ ಸದಸ್ಯರ ಪಟ್ಟಿಯಿಂದ ಜೋಡಣೆಯ ಖಾತೆಯನ್ನು ಯಾರಾದರೂ ತೆಗೆದಿದ್ದಾರೆಯೇ ನೋಡಿ.

ಬಿಡಿಸುವುದು

ವರ್ಷಕ್ಕೊಮ್ಮೆ, ಮಾರ್ಚ್ 31ರ ಲೆಕ್ಕ ಮುಗಿಸುವ ಹೊತ್ತಿಗೆ, ಜೋಡಣೆಗಳ ಪಟ್ಟಿಯನ್ನು ತೆರೆದು ಬೇಡವಾದುದನ್ನು ಬಿಡಿಸಬೇಕು. ಇದು ಕೇವಲ ಅಚ್ಚುಕಟ್ಟಿನ ಮಾತಲ್ಲ. 2022ರ ಏಪ್ರಿಲ್‌ನಲ್ಲಿ ಹೆರೊಕು ಮತ್ತು ಟ್ರಾವಿಸ್ ಸಿಐ ಎಂಬ ಎರಡು ಹೊರಗಿನ ಸೇವೆಗಳಿಗೆ ಕೊಟ್ಟಿದ್ದ ಟೋಕನ್‌ಗಳು ಕಳುವಾಗಿ, ಅವುಗಳ ಮೂಲಕ ತಂತ್ರಾಂಶದ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿದ್ದ ಹಲವು ಸಂಸ್ಥೆಗಳ ಖಾಸಗಿ ಸಂಗ್ರಹಗಳು ಹೊರಗೆ ಹೋದವು. 2024ರಲ್ಲಿ ಡ್ರಾಪ್‌ಬಾಕ್ಸ್‌ನ ಸಹಿ ಮಾಡಿಸುವ ಸೇವೆಯ ವ್ಯವಸ್ಥೆಗೆ ನುಗ್ಗಿದವರಿಗೂ ಎಪಿಐ ಕೀಗಳ (ತಂತ್ರಾಂಶಗಳು ಪರಸ್ಪರ ಪ್ರವೇಶಿಸಲು ಬಳಸುವ ಗುಪ್ತ ಸಂಕೇತಗಳ) ಜೊತೆ ಓಆತ್ ಟೋಕನ್‌ಗಳು ಸಿಕ್ಕಿದ್ದವು. ಇಂತಹ ಕಳವಿಗೆ ನಮ್ಮ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬಳಸದ ಜೋಡಣೆಯನ್ನು ತೆಗೆದುಹಾಕಿದ್ದರೆ ಕದಿಯಲು ಅಲ್ಲಿ ಟೋಕನ್ನೇ ಇರುವುದಿಲ್ಲ.

ಬಿಡಿಸುವಾಗ ಮೊದಲು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್ಕನೆಕ್ಟ್’ ಮಾಡಿ. ಆದರೆ ಅದನ್ನೊಂದನ್ನೇ ನಂಬಬೇಡಿ. ಜೋಡಣೆಯ ಖಾತೆಯಿಂದ ಗೂಗಲ್ ಅಕೌಂಟ್‌ನ ‘ಸೆಕ್ಯುರಿಟಿ’ ಪುಟಕ್ಕೆ ಹೋಗಿ, ಹೊರಗಿನ ಆ್ಯಪ್‌ಗಳ ಜೊತೆಗಿನ ಸಂಪರ್ಕಗಳ ಪಟ್ಟಿಯಲ್ಲಿ ಅದನ್ನು ಅಳಿಸಿ. ನಂತರ ಅಡ್ಮಿನ್ ಕನ್ಸೋಲ್‌ನ ‘ಎಪಿಐ ಕಂಟ್ರೋಲ್ಸ್’ನಲ್ಲಿ ಆ ಆ್ಯಪ್ಪನ್ನು ತಡೆದ ಪಟ್ಟಿಗೆ ಸೇರಿಸಿ. ಇಷ್ಟಾದರೂ ಆ್ಯಪ್‌ನವರ ಸರ್ವರ್‌ಗೆ ಈಗಾಗಲೇ ಹೋಗಿರುವ ಪ್ರತಿಗಳು ಅಳಿಯುವುದಿಲ್ಲ. ಅವುಗಳನ್ನು ಅಳಿಸುವಂತೆ ಸಂಘದ ಅಧಿಕೃತ ಇಮೇಲ್‌ನಿಂದ ಕೇಳಿ, ಅಳಿಸಿದ್ದೇವೆ ಎಂಬ ಉತ್ತರವನ್ನು ಪಡೆದು ಒಪ್ಪಿಗೆ ಪುಟದ ಸ್ಕ್ರೀನ್‌ಶಾಟ್ ಇಟ್ಟಿದ್ದ ಕಡತದಲ್ಲೇ ಸೇರಿಸಿ.

ಜೋಡಣೆಯ ಖಾತೆಯನ್ನೇ ಮುಚ್ಚುವುದಾದರೆ ಕಡೆಯದಾಗಿ ಅದರ ‘ಮೈ ಡ್ರೈವ್’ ತೆರೆದು ನೋಡಬೇಕು. ಫೋಲ್ಡರ್ ಆರಿಸುವ ಮೊದಲು ಕಳಿಸಿದ ಪರೀಕ್ಷಾ ಚೀಟಿಗಳೋ, ಆ್ಯಪ್ ತಾನೇ ಮಾಡಿಕೊಂಡ ಫೋಲ್ಡರೋ ಅಲ್ಲಿ ಉಳಿದಿದ್ದರೆ ಶೇರ್ಡ್ ಡ್ರೈವ್‌ಗೆ ಸಾಗಿಸಿ. ಅಳಿಸಿದ ಬಳಕೆದಾರ ಖಾತೆಯನ್ನು ಗೂಗಲ್‌ನಲ್ಲಿ 20 ದಿನಗಳೊಳಗೆ ಮಾತ್ರ ಮರಳಿ ಪಡೆಯಬಹುದಾದ್ದರಿಂದ, ಅಳಿಸಿದ ದಿನಾಂಕವನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಗಡುವಿನೊಳಗೆ ಲೆಕ್ಕಿಗರಿಂದ ಒಮ್ಮೆ ಚೀಟಿಗಳ ಸಂಖ್ಯೆಯನ್ನು ತೂಕದ ಪುಸ್ತಕದ ಜೊತೆ ತಾಳೆ ನೋಡಿಸಿ.